ಒಂದಕ್ಕೆ ನೂರರ ಬಾಜಿ ಮತ್ತು ಮಿತಭಾಷಿ ಗಿಲ್ ಹಾಡ್ಜಸ್

ಚೈತ್ರ ಕಾಲಿಡುವ ಹೊತ್ತಿಗೆ ನಮ್ಮ ಊರುಗಳಲ್ಲಿ ಪಂಚಾಂಗ ಶ್ರವಣ ನಡೆಯುತ್ತದೆ. ಈ ವರ್ಷದ ಮಳೆ ಎಷ್ಟು, ಬೆಳೆ ಎಷ್ಟು, ಆದಾಯವೆಷ್ಟು, ವ್ಯಯವೆಷ್ಟು ಎಂದು ಜೋಯಿಸರು ಓದಿ ಹೇಳುತ್ತಾರೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿಯೂ ಒಂದು ಬಗೆಯ ಪಂಚಾಂಗ ಸಿದ್ಧವಾಗುತ್ತದೆ. ವೃತ್ತಿಪರ ಬೇಸ್‌ಬಾಲ್‌ನ ಹೊಸ ಋತು ಆರಂಭವಾಗುವ ಮುನ್ನ ಯಾವ ತಂಡ ಎಷ್ಟು ಪಂದ್ಯ ಗೆಲ್ಲಲಿದೆ, ಯಾವುದು ತಳ ಸೇರಲಿದೆ ಎಂದು ಕ್ರೀಡಾ ಬರಹಗಾರರು ಪಟ್ಟಿ ಮಾಡುತ್ತಾರೆ. ಬಾಜಿ ಕಟ್ಟಿಸಿಕೊಳ್ಳುವವರು ಪ್ರತಿ ತಂಡಕ್ಕೂ ದರ ನಿಗದಿಪಡಿಸುತ್ತಾರೆ. ಅಕ್ಟೋಬರ್ ಬರುವಷ್ಟರಲ್ಲಿ ಆ ಪಟ್ಟಿಗಳು ಹಳೆಯ ಪಂಚಾಂಗದಂತೆ ಮೂಲೆ ಸೇರಿರುತ್ತವೆ.

ಆದರೆ 1969ರ ಪಟ್ಟಿ ಮಾತ್ರ ಅರ್ಧ ಶತಮಾನ ಕಳೆದ ಮೇಲೂ ಚರ್ಚೆಯಲ್ಲಿದೆ. ಆ ವರ್ಷ ನ್ಯೂಯಾರ್ಕ್ ಮೆಟ್ಸ್ ತಂಡ ಪ್ರಶಸ್ತಿ ಗೆಲ್ಲುವುದರ ಮೇಲಿದ್ದ ಬಾಜಿ ಒಂದಕ್ಕೆ ನೂರು. ಆ ತಂಡವನ್ನು ಮುನ್ನಡೆಸುತ್ತಿದ್ದವರು ಗಿಲ್ ಹಾಡ್ಜಸ್. ಆರು ತಿಂಗಳ ಹಿಂದಷ್ಟೇ ಹೃದಯಾಘಾತದಿಂದ ಪಾರಾಗಿ ಬಂದಿದ್ದ, ಮಾತಿಗಿಂತ ಮೌನವನ್ನೇ ಹೆಚ್ಚು ಬಳಸುತ್ತಿದ್ದ ವ್ಯಕ್ತಿ ಅವರು.

ಗಣಿ ಕಾರ್ಮಿಕನ ಮಗ

ಹಾಡ್ಜಸ್ ಜನಿಸಿದ್ದು 1924ರ ಏಪ್ರಿಲ್ 4ರಂದು, ಇಂಡಿಯಾನಾ ರಾಜ್ಯದ ಪ್ರಿನ್ಸ್‌ಟನ್‌ನಲ್ಲಿ. ಬೆಳೆದದ್ದು ಅದೇ ಸೀಮೆಯ ಪೀಟರ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಕಲ್ಲಿದ್ದಲು ಗಣಿಯ ಕಾರ್ಮಿಕ. ಮಕ್ಕಳು ಮಾತ್ರ ಗಣಿಗೆ ಇಳಿಯಬಾರದೆಂಬುದು ಆ ತಂದೆಯ ಹಂಬಲ. ಅಗಲವಾದ ಹೆಗಲು, ಅಸಾಧಾರಣ ಗಾತ್ರದ ಕೈಗಳು, ಎಲ್ಲ ಆಟಗಳಲ್ಲಿಯೂ ಮುಂದು. ಅಂಥ ಹುಡುಗನ ಮೇಲೆ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಕಣ್ಣು ಬಿದ್ದದ್ದು 1943ರಲ್ಲಿ.

ಆ ವರ್ಷ ಅವರು ಆಡಿದ್ದು ಒಂದೇ ಒಂದು ಪಂದ್ಯ. ಬಳಿಕ ಎರಡನೆಯ ಮಹಾಯುದ್ಧ ಅವರನ್ನು ಕರೆದೊಯ್ದಿತು. ಮರೀನ್ ಪಡೆಯ ವಿಮಾನ ನಿರೋಧಕ ದಳದಲ್ಲಿ ಸೇರಿ ಪೆಸಿಫಿಕ್ ಸಾಗರದ ಟಿನಿಯನ್ ಹಾಗೂ ಓಕಿನಾವಾ ದ್ವೀಪಗಳಲ್ಲಿ ಸೇವೆ ಸಲ್ಲಿಸಿದರು. ಶೌರ್ಯಕ್ಕೆ ಕಂಚಿನ ತಾರೆಯ ಪದಕ ದೊರೆಯಿತು. ಯುದ್ಧದ ಬಗ್ಗೆ ಅವರು ಯಾರೊಂದಿಗೂ ಹೆಚ್ಚು ಮಾತನಾಡಿದವರಲ್ಲ.

1947ರಲ್ಲಿ ಬ್ರೂಕ್ಲಿನ್‌ಗೆ ಮರಳಿದಾಗ ತಂಡದಲ್ಲಿ ಜಾಕಿ ರಾಬಿನ್ಸನ್ ಇದ್ದರು. ಆಧುನಿಕ ಕಾಲದ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರ ರಾಬಿನ್ಸನ್. ಆಗ ಹಾಡ್ಜಸ್ ಕ್ಯಾಚರ್ ಆಗಿದ್ದರು. ಅಂದರೆ ನಮ್ಮ ಕ್ರಿಕೆಟ್‌ನ ವಿಕೆಟ್ ಕೀಪರ್‌ನಂತೆ ಬ್ಯಾಟ್ಸ್‌ಮನ್ ಹಿಂದೆ ಕುಳಿತು ಚೆಂಡು ಹಿಡಿಯುವ ಕೆಲಸ. ಮರುವರ್ಷ ಆ ಜಾಗಕ್ಕೆ ರಾಯ್ ಕ್ಯಾಂಪನೆಲ್ಲಾ ಬಂದರು. ಮ್ಯಾನೇಜರ್ ಲಿಯೋ ಡ್ಯೂರೋಷರ್ ಅವರು ಹಾಡ್ಜಸ್‌ರನ್ನು ಮೊದಲ ಬೇಸ್‌ಗೆ ಕಳುಹಿಸಿದರು. ಅಲ್ಲಿಂದ ಮುಂದೆ ಒಂದು ದಶಕ ಆ ಜಾಗ ಅವರದೇ. ಡ್ಯೂರೋಷರ್ ಹೆಸರನ್ನು ಓದುಗರು ನೆನಪಿಡಬೇಕು. ಇಪ್ಪತ್ತೊಂದು ವರ್ಷಗಳ ನಂತರ ಇದೇ ವ್ಯಕ್ತಿ ಎದುರಾಳಿಯಾಗಿ ಬರುತ್ತಾರೆ.

ಇಪ್ಪತ್ತೊಂದು ಬಾರಿ ಸೋತವನಿಗಾಗಿ ಪ್ರಾರ್ಥನೆ

1949ರಿಂದ 1955ರವರೆಗೆ ಸತತ ಏಳು ಋತುಗಳಲ್ಲಿ ಹಾಡ್ಜಸ್ ತಮ್ಮ ಬ್ಯಾಟಿಂಗ್‌ನಿಂದ ತಂಡಕ್ಕೆ ನೂರಕ್ಕೂ ಹೆಚ್ಚು ರನ್ ತಂದುಕೊಟ್ಟರು. 1950ರ ಆಗಸ್ಟ್ 31ರಂದು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಬಾರಿಸಿದರು. ಇಂಥ ಆಟಗಾರ 1952ರ ವಿಶ್ವ ಸರಣಿಯಲ್ಲಿ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ಏಳು ಪಂದ್ಯಗಳಲ್ಲಿ ಇಪ್ಪತ್ತೊಂದು ಪ್ರಯತ್ನ ಮಾಡಿ ಒಂದೇ ಒಂದು ಯಶಸ್ವಿ ಹೊಡೆತವನ್ನೂ ದಾಖಲಿಸಲಿಲ್ಲ. ಬ್ರೂಕ್ಲಿನ್ ಸರಣಿ ಸೋತಿತು. ಮರುವರ್ಷದ ಆರಂಭದಲ್ಲಿಯೂ ಅದೇ ದುರ್ದೆಸೆ ಮುಂದುವರಿಯಿತು.

ಬೇರೆ ಊರಾಗಿದ್ದರೆ ಪ್ರೇಕ್ಷಕರು ಗೇಲಿ ಮಾಡುತ್ತಿದ್ದರೇನೋ. ಬ್ರೂಕ್ಲಿನ್ ಜನ ಹಾಗೆ ಮಾಡಲಿಲ್ಲ. ಅವರ ಮನೆಗೆ ಪತ್ರಗಳು, ತಾಯಿತದಂಥ ಪವಿತ್ರ ಪದಕಗಳು ಬಂದವು. ಬಿಸಿಲು ಜೋರಾಗಿದ್ದ ಒಂದು ಭಾನುವಾರ ಸ್ಥಳೀಯ ಚರ್ಚೊಂದರ ಪಾದ್ರಿ ಪ್ರವಚನವನ್ನೇ ಕೈಬಿಟ್ಟರು. ಮನೆಗೆ ಹೋಗಿ ದೇವರ ಆಜ್ಞೆಗಳನ್ನು ಪಾಲಿಸಿ, ಹಾಡ್ಜಸ್‌ಗಾಗಿ ಪ್ರಾರ್ಥಿಸಿ ಎಂದಷ್ಟೇ ಭಕ್ತರಿಗೆ ತಿಳಿಸಿದರು. ಆ ಘಟನೆ ಇಂದಿಗೂ ಬ್ರೂಕ್ಲಿನ್‌ನ ದಂತಕಥೆಗಳಲ್ಲೊಂದು. ಹಾಡ್ಜಸ್ 1953ರ ಋತುವನ್ನು .302 ಸರಾಸರಿ, 31 ಹೋಮ್ ರನ್‌ಗಳೊಂದಿಗೆ ಮುಗಿಸಿದರು.

1955ರ ಅಕ್ಟೋಬರ್ 4ರಂದು ಬ್ರೂಕ್ಲಿನ್ ತಂಡ ತನ್ನ ಇತಿಹಾಸದ ಏಕೈಕ ವಿಶ್ವ ಸರಣಿ ಪ್ರಶಸ್ತಿ ಗೆದ್ದಿತು. ನಿರ್ಣಾಯಕ ಏಳನೆಯ ಪಂದ್ಯದ ಅಂತಿಮ ಅಂಕ 2-0. ಆ ಎರಡೂ ರನ್‌ಗಳು ಬಂದದ್ದು ಹಾಡ್ಜಸ್ ಬ್ಯಾಟ್‌ನಿಂದ. ಕೊನೆಯ ಎದುರಾಳಿಯನ್ನು ಔಟ್ ಮಾಡಿದ ಚೆಂಡು ಬಂದು ಸೇರಿದ್ದೂ ಅವರದೇ ಕೈಗವಸಿಗೆ. 1957ರ ನಂತರ ಡಾಡ್ಜರ್ಸ್ ಲಾಸ್ ಏಂಜಲೀಸ್‌ಗೆ ವಲಸೆ ಹೋಯಿತು. ಹಾಡ್ಜಸ್ ಅಲ್ಲಿಗೆ ಹೋಗಿ ಆಡಿ 1959ರಲ್ಲಿ ಮತ್ತೊಂದು ಪ್ರಶಸ್ತಿಯಲ್ಲಿ ಪಾಲುದಾರರಾದರೂ ಬ್ರೂಕ್ಲಿನ್‌ನ ನಂಟನ್ನು ಬಿಡಲಿಲ್ಲ. ಒಟ್ಟು 370 ಹೋಮ್ ರನ್‌ಗಳು ಅವರ ಖಾತೆಯಲ್ಲಿವೆ. ಕ್ಷೇತ್ರರಕ್ಷಣೆಗೆ ನೀಡುವ ಚಿನ್ನದ ಕೈಗವಸು ಪ್ರಶಸ್ತಿ 1957ರಲ್ಲಿ ಆರಂಭವಾದಾಗ, ಮೊದಲ ಬೇಸ್ ವಿಭಾಗದಲ್ಲಿ ಮೊದಲ ಮೂರು ವರ್ಷವೂ ಅದು ಅವರಿಗೇ ಸಂದಿತು.

ತಳ ಬಿಡದ ತಂಡ

ನ್ಯೂಯಾರ್ಕ್ ಮೆಟ್ಸ್ ಎಂಬ ಹೊಸ ತಂಡ 1962ರಲ್ಲಿ ಹುಟ್ಟಿದಾಗ ಹಾಡ್ಜಸ್ ಅದರ ಆಟಗಾರರಾಗಿದ್ದರು. ಆ ತಂಡದ ಇತಿಹಾಸದ ಮೊದಲ ಹೋಮ್ ರನ್ ಅವರದು. ಆದರೆ ಆ ವರ್ಷ ಮೆಟ್ಸ್ 120 ಪಂದ್ಯಗಳನ್ನು ಸೋತಿತು. 1900ರ ನಂತರದ ಬೇಸ್‌ಬಾಲ್‌ನಲ್ಲಿ ಅಷ್ಟು ಸೋಲು ಯಾರಿಗೂ ಒದಗಿರಲಿಲ್ಲ. 2024ರಲ್ಲಿ ಷಿಕಾಗೋ ವೈಟ್ ಸಾಕ್ಸ್ ತಂಡ 121 ಪಂದ್ಯ ಸೋಲುವವರೆಗೂ ಆ ಅಪಕೀರ್ತಿ ಮೆಟ್ಸ್ ತಲೆಯ ಮೇಲೇ ಇತ್ತು.

1963ರ ಮೇ ತಿಂಗಳಿನಲ್ಲಿ ಹಾಡ್ಜಸ್ ಆಟಕ್ಕೆ ವಿದಾಯ ಹೇಳಿ ವಾಷಿಂಗ್ಟನ್ ಸೆನೆಟರ್ಸ್ ತಂಡದ ಮ್ಯಾನೇಜರ್ ಆದರು. ಅದೂ ಸೋಲಿಗೇ ಹೆಸರಾದ ತಂಡ. ಮೊದಲ ವರ್ಷ ತಂಡದ ಒಟ್ಟು ಗೆಲುವು 56. ನಂತರ ಕ್ರಮವಾಗಿ 62, 70, 71 ಮತ್ತು 1967ರಲ್ಲಿ 76. ಪ್ರಶಸ್ತಿಯ ಹತ್ತಿರಕ್ಕೂ ಸುಳಿಯದ ಈ ಅಂಕಿಗಳು ಯಾರ ಗಮನವನ್ನೂ ಸೆಳೆಯುವಂಥವಲ್ಲ. ಆದರೆ ಒಂದು ವರ್ಷವೂ ಹಿಂದಕ್ಕೆ ಸರಿಯದೆ ಏರಿದ ಆ ಮೆಟ್ಟಿಲುಗಳನ್ನು ಮೆಟ್ಸ್ ಆಡಳಿತ ಗಮನಿಸಿತ್ತು. ಒಬ್ಬ ಯುವ ಪಿಚರ್ ಹಾಗೂ 1 ಲಕ್ಷ ಡಾಲರ್ ತೆತ್ತು, 1968ರ ಋತುವಿಗೆ ಹಾಡ್ಜಸ್‌ರನ್ನು ಮರಳಿ ಕರೆತಂದಿತು.

ಅಷ್ಟರವರೆಗಿನ ಆರು ವರ್ಷಗಳಲ್ಲಿ ಮೆಟ್ಸ್ ಐದು ಬಾರಿ ಹತ್ತನೆಯ, ಒಂದು ಬಾರಿ ಒಂಬತ್ತನೆಯ ಸ್ಥಾನ ಪಡೆದಿತ್ತು. ಲೀಗ್‌ನಲ್ಲಿ ಇದ್ದದ್ದೇ ಹತ್ತು ತಂಡಗಳು. ಹಾಡ್ಜಸ್ ಬಂದ ವರ್ಷವೂ ಒಂಬತ್ತನೆಯ ಸ್ಥಾನವೇ ಗತಿಯಾಯಿತು. ಆದರೆ ಹಿಂದಿನ ವರ್ಷ 61 ಇದ್ದ ಗೆಲುವಿನ ಸಂಖ್ಯೆ 73ಕ್ಕೆ ಏರಿತ್ತು.

ಅದೇ ಋತುವಿನ ಕೊನೆಯಲ್ಲಿ, 1968ರ ಸೆಪ್ಟೆಂಬರ್ 24ರಂದು, ಅಟ್ಲಾಂಟಾದಲ್ಲಿ ಪಂದ್ಯ ನಡೆಯುತ್ತಿರುವಾಗಲೇ ಹಾಡ್ಜಸ್‌ಗೆ ಎದೆನೋವು ಕಾಣಿಸಿಕೊಂಡಿತು. ಅದು ಹೃದಯಾಘಾತವೆಂದು ವೈದ್ಯರು ಖಚಿತಪಡಿಸಿದರು. ಆಗ ಅವರ ವಯಸ್ಸು 44. ಎಲ್ಲವನ್ನೂ ಒಳಗೇ ನುಂಗಿಕೊಳ್ಳುವ ಸ್ವಭಾವ, ಜೊತೆಗೆ ಧೂಮಪಾನ. ಅವರು ಮತ್ತೆ ಈ ಒತ್ತಡದ ಕೆಲಸಕ್ಕೆ ಮರಳುವರೇ ಎಂಬುದೇ ಆ ಚಳಿಗಾಲದಲ್ಲಿ ಅನುಮಾನವಾಗಿತ್ತು.

1969ರ ಭವಿಷ್ಯ

ಅನುಮಾನ ಸುಳ್ಳಾಯಿತು. 1969ರ ವಸಂತದಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ತರಬೇತಿ ಶಿಬಿರಕ್ಕೆ ಹಾಡ್ಜಸ್ ಹಾಜರಾದರು. ಪ್ರತಿ ವರ್ಷದಂತೆ ಪತ್ರಕರ್ತರು ಭವಿಷ್ಯ ಕೇಳಿದರು. ತಂಡ 85 ಪಂದ್ಯ ಗೆಲ್ಲಬಹುದೆಂಬುದು ಅವರ ಲೆಕ್ಕಾಚಾರವಾಗಿತ್ತು. 73ರಿಂದ 85ಕ್ಕೆ ಹನ್ನೆರಡು ಗೆಲುವುಗಳ ಏರಿಕೆ. ಹಿಂದಿನ ವರ್ಷ ಏರಿದ್ದೂ ಹನ್ನೆರಡೇ ಎಂಬುದು ಗಮನಾರ್ಹ. ಎಂದೂ ಎಪ್ಪತ್ನಾಲ್ಕು ಪಂದ್ಯ ಗೆದ್ದು ಅರಿಯದ ತಂಡದ ಮ್ಯಾನೇಜರ್ ಆಡಿದ ಈ ಮಾತನ್ನು ಕೇಳಿ ನಕ್ಕವರೇ ಹೆಚ್ಚು. ಮೆಟ್ಸ್ ಗೆಲ್ಲುವ ಮೊದಲು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾನು ಎಂಬುದು ಆ ಕಾಲದ ಪ್ರಚಲಿತ ಹಾಸ್ಯ.

ಅದೇ ವರ್ಷದ ಜನವರಿಯಲ್ಲಿ ನ್ಯೂಯಾರ್ಕ್ ಇನ್ನೊಂದು ಬಗೆಯ ಭವಿಷ್ಯವನ್ನು ಕಂಡಿತ್ತು. ಅಮೆರಿಕನ್ ಫುಟ್‌ಬಾಲ್‌ನ ಸೂಪರ್ ಬೌಲ್‌ಗೆ ಮುನ್ನ ಜೆಟ್ಸ್ ತಂಡದ ಜೋ ನಾಮತ್ ತಾವೇ ಗೆಲ್ಲುವುದು ಖಚಿತವೆಂದು ಬಹಿರಂಗವಾಗಿ ಸಾರಿ, ಬಾಲ್ಟಿಮೋರ್ ಕೋಲ್ಟ್ಸ್ ತಂಡವನ್ನು ಸೋಲಿಸಿ ತೋರಿಸಿದ್ದರು. ಜೆಟ್ಸ್ ಮತ್ತು ಮೆಟ್ಸ್ ಎರಡೂ ಆಡುತ್ತಿದ್ದದ್ದು ಒಂದೇ ಶೇ ಕ್ರೀಡಾಂಗಣದಲ್ಲಿ. ಆದರೆ ನಾಮತ್ ಹೇಳಿದ್ದು ಒಂದು ದಿನದ ಒಂದು ಪಂದ್ಯದ ಮಾತು. ಬೇಸ್‌ಬಾಲ್‌ನಲ್ಲಿ ಪ್ರತಿ ತಂಡ ಆಡುವುದು 162 ಪಂದ್ಯ. ಆರು ತಿಂಗಳ ಉದ್ದಕ್ಕೂ ಗಾಯ, ಆಯಾಸ, ವರ್ಗಾವಣೆ, ಅದೃಷ್ಟ ಎಲ್ಲವೂ ತಮ್ಮ ಪಾಲು ಕೇಳುತ್ತವೆ.

1969ರಲ್ಲಿ ಭವಿಷ್ಯ ನುಡಿಯುವವರಿಗೆ ಇನ್ನಷ್ಟು ತೊಡಕುಗಳಿದ್ದವು. ನಾಲ್ಕು ಹೊಸ ತಂಡಗಳು ಸೇರಿ ಒಟ್ಟು ಸಂಖ್ಯೆ 24ಕ್ಕೆ ಏರಿತ್ತು. ಎರಡೂ ಲೀಗ್‌ಗಳನ್ನು ಮೊದಲ ಬಾರಿಗೆ ಪೂರ್ವ, ಪಶ್ಚಿಮ ವಿಭಾಗಗಳಾಗಿ ಒಡೆಯಲಾಗಿತ್ತು. 1968ರಲ್ಲಿ ಪಿಚರ್‌ಗಳ ಮುಂದೆ ಬ್ಯಾಟ್ಸ್‌ಮನ್‌ಗಳು ನಿಲ್ಲಲಾರದೆ ಹೋದದ್ದರಿಂದ, ಪಿಚರ್ ನಿಂತು ಎಸೆಯುವ ದಿಬ್ಬದ ಎತ್ತರವನ್ನು 15 ಅಂಗುಲದಿಂದ 10 ಅಂಗುಲಕ್ಕೆ ಇಳಿಸಲಾಗಿತ್ತು. ಹಿಂದಿನ ವರ್ಷದ ಅಂಕಿಗಳನ್ನು ನಂಬಿ ಮುಂದಿನದನ್ನು ಊಹಿಸುವುದು ಎಂದಿಗಿಂತ ಕಷ್ಟವಾಗಿತ್ತು. ಆದರೂ ಹಿಂದಿನ ಎರಡು ವರ್ಷ ಲೀಗ್ ಗೆದ್ದಿದ್ದ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡವೇ ಪೂರ್ವ ವಿಭಾಗದ ನೆಚ್ಚಿನ ತಂಡವಾಯಿತು.

ಏಪ್ರಿಲ್ 8ರಂದು ಋತು ಆರಂಭವಾಯಿತು. ಮೆಟ್ಸ್ ಎದುರಾಳಿ ಮಾಂಟ್ರಿಯಲ್ ಎಕ್ಸ್‌ಪೋಸ್. ಅಂದು ತನ್ನ ಇತಿಹಾಸದ ಮೊಟ್ಟಮೊದಲ ಪಂದ್ಯ ಆಡುತ್ತಿದ್ದ ತಂಡ. ಅದರೆದುರೂ ಮೆಟ್ಸ್ 11-10ರಿಂದ ಸೋತಿತು. ಹುಟ್ಟಿದಾಗಿನಿಂದ ಎಂಟೂ ವರ್ಷ ಉದ್ಘಾಟನಾ ಪಂದ್ಯ ಸೋತಂತಾಯಿತು. ಪಟ್ಟಿ ಮಾಡಿದವರು ತಮ್ಮ ಲೆಕ್ಕ ಸರಿಯೆಂದು ಸಮಾಧಾನಪಟ್ಟಿರಬೇಕು.

ಎಡಗಡೆಯ ಮೈದಾನಕ್ಕೆ ನಡಿಗೆ

ಮೇ ಕೊನೆಯ ವೇಳೆಗೆ 18 ಗೆಲುವು, 23 ಸೋಲು. ಅಲ್ಲಿಂದ ಸತತ ಹನ್ನೊಂದು ಪಂದ್ಯಗಳ ಗೆಲುವು. ಹಾಡ್ಜಸ್ ತಂಡ ನಡೆಸುವ ರೀತಿ ಸರಳವಾಗಿತ್ತು. ಹಲವು ಸ್ಥಾನಗಳಿಗೆ ಇಬ್ಬಿಬ್ಬರು ಆಟಗಾರರನ್ನು ಇಟ್ಟುಕೊಂಡು, ಎದುರಾಳಿ ಪಿಚರ್ ಎಡಗೈಯವನೋ ಬಲಗೈಯವನೋ ಎಂಬುದನ್ನು ನೋಡಿ ಸರದಿಯಂತೆ ಆಡಿಸುತ್ತಿದ್ದರು. ಪಿಚರ್‌ಗಳಿಗೆ ಆಗಿನ ರೂಢಿಗಿಂತ ಒಂದು ದಿನ ಹೆಚ್ಚು ವಿಶ್ರಾಂತಿ ಸಿಗುವಂತೆ ನೋಡಿಕೊಂಡರು. ತಂಡದಲ್ಲಿ ಮೂಲೆಗುಂಪಾದವರು ಇರಲಿಲ್ಲ. ಬೇಸಗೆಯ ಬಿಸಿಲಿನಲ್ಲಿ ಇತರ ತಂಡಗಳು ದಣಿಯುತ್ತಿದ್ದಾಗ ಮೆಟ್ಸ್‌ನ ಯುವ ಪಿಚರ್‌ಗಳಾದ ಟಾಮ್ ಸೀವರ್, ಜೆರಿ ಕೂಸ್ಮನ್ ಇನ್ನೂ ಹುರುಪಿನಲ್ಲಿದ್ದರು.

ಜುಲೈ 20ರಂದು ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ. ಹಾಸ್ಯದ ಅರ್ಧ ಭಾಗ ನಿಜವಾಯಿತು.

ಹತ್ತು ದಿನಗಳ ಬಳಿಕ, ಜುಲೈ 30ರಂದು, ಹ್ಯೂಸ್ಟನ್ ಆಸ್ಟ್ರೋಸ್ ವಿರುದ್ಧ ಒಂದೇ ದಿನ ಎರಡು ಪಂದ್ಯ. ಮೊದಲನೆಯದನ್ನು ಮೆಟ್ಸ್ 16-3ರಿಂದ ಸೋತಿತ್ತು. ಎರಡನೆಯದರಲ್ಲಿಯೂ ಒಂದೇ ಇನಿಂಗ್ಸ್‌ನಲ್ಲಿ ರನ್‌ಗಳ ಹೊಳೆ ಹರಿಯುತ್ತಿತ್ತು. ಎಡಗಡೆಯ ಮೈದಾನದಲ್ಲಿದ್ದ ಕ್ಲಿಯಾನ್ ಜೋನ್ಸ್ ಒಂದು ಚೆಂಡಿನ ಹಿಂದೆ ಮನಸ್ಸಿಲ್ಲದೆ ಓಡಿದಂತೆ ಕಂಡಿತು. ಜೋನ್ಸ್ ಸಾಮಾನ್ಯ ಆಟಗಾರರಲ್ಲ, ಆ ವರ್ಷ ತಂಡದ ಅತ್ಯುತ್ತಮ ಬ್ಯಾಟ್ಸ್‌ಮನ್.

ಹಾಡ್ಜಸ್ ಡಗೌಟ್‌ನಿಂದ ಹೊರಬಂದರು. ಪಿಚರ್ ಬಳಿ ಹೋಗುತ್ತಾರೆಂದು ಎಲ್ಲರೂ ಭಾವಿಸಿದರು. ಅವರು ಪಿಚರ್‌ನನ್ನು ದಾಟಿದರು. ಶಾರ್ಟ್‌ಸ್ಟಾಪ್ ಕಡೆಗೆ ಇರಬೇಕೆಂದುಕೊಂಡರು. ಅವನನ್ನೂ ದಾಟಿದರು. ನಿಧಾನವಾಗಿ, ಹುಲ್ಲಿನ ಮೇಲೆ ಅಷ್ಟು ದೂರ ನಡೆದು ಜೋನ್ಸ್ ಬಳಿ ನಿಂತು ಕೆಲವೇ ಮಾತು ಆಡಿದರು. ಬಳಿಕ ತಿರುಗಿ ಹೊರಟರು. ಜೋನ್ಸ್ ತಲೆ ತಗ್ಗಿಸಿ ಅವರ ಹಿಂದೆ ಬಂದರು. ಜೋನ್ಸ್‌ಗೆ ಕಾಲುನೋವಿತ್ತೆಂಬುದೇ ಆಗ ನೀಡಲಾದ ಕಾರಣ. ಹಾಡ್ಜಸ್ ಕೂಗಾಡಲಿಲ್ಲ, ಪತ್ರಕರ್ತರ ಮುಂದೆ ಆಟಗಾರನನ್ನು ಹೀಗಳೆಯಲಿಲ್ಲ. ಆದರೆ ಆ ನಡಿಗೆಯ ಅರ್ಥ ತಂಡದ ಪ್ರತಿಯೊಬ್ಬರಿಗೂ ತಲುಪಿತ್ತು. ಯಾವ ಭವಿಷ್ಯದ ಪಟ್ಟಿಯಲ್ಲಿಯೂ ಇಂಥದೊಂದು ನಡಿಗೆಗೆ ಅಂಕಣವಿರಲಿಲ್ಲ.

ಫಲ ತಕ್ಷಣ ಸಿಗಲಿಲ್ಲ. ಆಗಸ್ಟ್ 13ರಂದು ಮೆಟ್ಸ್ ಮೂರನೆಯ ಸ್ಥಾನದಲ್ಲಿತ್ತು, ಅಗ್ರಸ್ಥಾನದಲ್ಲಿದ್ದ ಷಿಕಾಗೋ ಕಬ್ಸ್‌ಗಿಂತ ಹತ್ತು ಪಂದ್ಯ ಹಿಂದೆ. ಕಬ್ಸ್‌ನ ಮ್ಯಾನೇಜರ್ ಬೇರೆ ಯಾರೂ ಅಲ್ಲ. 1948ರಲ್ಲಿ ಹಾಡ್ಜಸ್‌ಗೆ ಮೊದಲ ಬೇಸ್ ಕೊಟ್ಟ ಅದೇ ಲಿಯೋ ಡ್ಯೂರೋಷರ್. ಗಟ್ಟಿ ದನಿಯ, ಜಗಳಗಂಟ ಸ್ವಭಾವದ ಡ್ಯೂರೋಷರ್ ತಮ್ಮ ಪ್ರಮುಖ ಆಟಗಾರರಿಗೆ ವಿಶ್ರಾಂತಿ ಕೊಡದೆ ಆಡಿಸುತ್ತಿದ್ದರು. ಸೆಪ್ಟೆಂಬರ್‌ನಲ್ಲಿ ಕಬ್ಸ್ ಕುಸಿಯಿತು. ಮೆಟ್ಸ್ ಉಳಿದ 49 ಪಂದ್ಯಗಳಲ್ಲಿ 38 ಗೆದ್ದಿತು. ಸೆಪ್ಟೆಂಬರ್ 10ರಂದು ಇತಿಹಾಸದಲ್ಲಿ ಮೊದಲ ಬಾರಿಗೆ ಋತುವಿನ ಅಂತ್ಯಭಾಗದಲ್ಲಿ ಅಗ್ರಸ್ಥಾನಕ್ಕೆ ಬಂದಿತು.

ವಿಭಾಗದ ಪ್ರಶಸ್ತಿ ಖಚಿತವಾದದ್ದು ಸೆಪ್ಟೆಂಬರ್ 24ರಂದು. ಹಾಡ್ಜಸ್‌ಗೆ ಹೃದಯಾಘಾತವಾಗಿ ಅಂದಿಗೆ ಸರಿಯಾಗಿ ಒಂದು ವರ್ಷ. ಆ ದಿನ ಸೋತ ಎದುರಾಳಿ, ಗೆಲ್ಲುವುದೆಂದು ಎಲ್ಲರೂ ನಂಬಿದ್ದ ಸೇಂಟ್ ಲೂಯಿಸ್ ಕಾರ್ಡಿನಲ್ಸ್. ಋತು ಮುಗಿದಾಗ ಮೆಟ್ಸ್ ಖಾತೆಯಲ್ಲಿ 100 ಗೆಲುವು, 62 ಸೋಲು. ಕಬ್ಸ್ ಎಂಟು ಪಂದ್ಯ ಹಿಂದುಳಿದಿತ್ತು. ಹಾಡ್ಜಸ್ ಹೇಳಿದ್ದ 85 ಕೂಡ ತಪ್ಪಾಗಿತ್ತು.

ಬೂಟಿನ ಪಾಲಿಶ್

ಲೀಗ್ ಸರಣಿಯಲ್ಲಿ ಅಟ್ಲಾಂಟಾವನ್ನು 3-0ರಿಂದ ಮಣಿಸಿದ ಮೆಟ್ಸ್‌ಗೆ ವಿಶ್ವ ಸರಣಿಯಲ್ಲಿ ಎದುರಾದದ್ದು ಬಾಲ್ಟಿಮೋರ್ ಓರಿಯೋಲ್ಸ್. ಆ ವರ್ಷ 109 ಪಂದ್ಯ ಗೆದ್ದಿದ್ದ ಬಲಾಢ್ಯ ತಂಡ. ಮೊದಲ ಪಂದ್ಯ ಓರಿಯೋಲ್ಸ್ ಪಾಲಾಯಿತು. ಮುಂದಿನ ಮೂರೂ ಮೆಟ್ಸ್ ಪಾಲಾದವು.

ಅಕ್ಟೋಬರ್ 16ರ ಐದನೆಯ ಪಂದ್ಯದಲ್ಲಿ ಮೆಟ್ಸ್ 3-0ಯಿಂದ ಹಿಂದಿತ್ತು. ಆರನೆಯ ಇನಿಂಗ್ಸ್‌ನಲ್ಲಿ ಒಂದು ಚೆಂಡು ಕ್ಲಿಯಾನ್ ಜೋನ್ಸ್ ಕಾಲಿಗೆ ತಗುಲಿತೋ ಇಲ್ಲವೋ ಎಂಬ ವಿವಾದ ಎದ್ದಿತು. ತಗುಲಿದ್ದರೆ ಬ್ಯಾಟ್ಸ್‌ಮನ್‌ಗೆ ಉಚಿತವಾಗಿ ಮೊದಲ ಬೇಸ್ ಸಿಗುತ್ತದೆ. ಅಂಪೈರ್ ಒಪ್ಪಿರಲಿಲ್ಲ. ಡಗೌಟ್ ಕಡೆ ಉರುಳಿ ಬಂದಿದ್ದ ಚೆಂಡನ್ನು ಹಿಡಿದು ಹಾಡ್ಜಸ್ ಮೈದಾನಕ್ಕೆ ಬಂದರು. ಚೆಂಡಿನ ಮೇಲಿದ್ದ ಬೂಟಿನ ಪಾಲಿಶ್ ಕಲೆಯನ್ನು ತೋರಿಸಿದರು. ಅಂಪೈರ್ ತೀರ್ಪು ಬದಲಿಸಿದರು. ಆ ಚೆಂಡಿನ ಕುರಿತು ನಂತರ ನಾನಾ ಕಥೆಗಳು ಹುಟ್ಟಿಕೊಂಡವು. ಆದರೆ ಹಾಡ್ಜಸ್ ಕೈಯಲ್ಲಿದ್ದ ಚೆಂಡನ್ನು ಅಂಪೈರ್ ಅನುಮಾನಿಸಲಿಲ್ಲ. ಅವರು ಗಳಿಸಿಕೊಂಡಿದ್ದ ಹೆಸರು ಅಂಥದು. ಮುಂದಿನ ಬ್ಯಾಟ್ಸ್‌ಮನ್ ಡಾನ್ ಕ್ಲೆಂಡನನ್ ಹೋಮ್ ರನ್ ಬಾರಿಸಿದರು. ಮೆಟ್ಸ್ 5-3ರಿಂದ ಪಂದ್ಯವನ್ನೂ 4-1ರಿಂದ ಸರಣಿಯನ್ನೂ ಗೆದ್ದಿತು.

ಪವಾಡ ಎಂದರು ಜನ. ಅಂಕಿಗಳನ್ನು ಬಿಡಿಸಿ ನೋಡಿದರೆ ಬೇರೊಂದು ಚಿತ್ರವೂ ಸಿಗುತ್ತದೆ. ಆ ಋತುವಿನಲ್ಲಿ ಮೆಟ್ಸ್ ಗಳಿಸಿದ ರನ್ 632, ಬಿಟ್ಟುಕೊಟ್ಟದ್ದು 541. ಗಳಿಸಿದ, ಬಿಟ್ಟುಕೊಟ್ಟ ರನ್‌ಗಳ ಆಧಾರದಲ್ಲಿ ಗೆಲುವನ್ನು ಅಂದಾಜಿಸುವ ಸೂತ್ರವೊಂದು ನಂತರದ ವರ್ಷಗಳಲ್ಲಿ ರೂಢಿಗೆ ಬಂದಿತು. ಅದರ ಪ್ರಕಾರ ಈ ತಂಡಕ್ಕೆ ಸಲ್ಲಬೇಕಾದದ್ದು ಸುಮಾರು 93 ಗೆಲುವು. ಉಳಿದ ಏಳು ಬಂದದ್ದು ಒಂದೇ ರನ್ ಅಂತರದ ಬಿಗಿ ಪಂದ್ಯಗಳಿಂದ. ಅಂಥ 64 ಪಂದ್ಯಗಳಲ್ಲಿ ಮೆಟ್ಸ್ 41 ಗೆದ್ದಿತ್ತು. ಇಷ್ಟನ್ನು ಅದೃಷ್ಟ ಎನ್ನಬಹುದು, ಡಗೌಟ್‌ನಲ್ಲಿ ಕುಳಿತವರ ಜಾಣತನ ಎನ್ನಬಹುದು. ಎರಡನ್ನೂ ಮಾರ್ಚ್ ತಿಂಗಳಲ್ಲಿ ಎಣಿಸಲು ಬರುವುದಿಲ್ಲ. ಇಂದು ಗಣಕಯಂತ್ರಗಳು ಒಂದು ಋತುವನ್ನು ಸಾವಿರಾರು ಬಾರಿ ಆಡಿಸಿ ನೋಡಿ ಭವಿಷ್ಯ ನುಡಿಯುತ್ತವೆ. ಅವುಗಳಿಗೂ ಈ ಮಿತಿ ತಪ್ಪಿದ್ದಲ್ಲ.

ಆರಂಭವಾಗದ ಋತು

ಗೆದ್ದ ಮೇಲೆ ಭವಿಷ್ಯಕಾರರ ದೃಷ್ಟಿ ಬದಲಾಯಿತು. ಮೆಟ್ಸ್ ಈಗ ಬಲಿಷ್ಠರ ಸಾಲಿನಲ್ಲಿತ್ತು. ಆದರೆ 1970 ಹಾಗೂ 1971ರಲ್ಲಿ ತಂಡ ಗೆದ್ದದ್ದು ತಲಾ 83 ಪಂದ್ಯ. ಹಾಡ್ಜಸ್ 1969ಕ್ಕೆಂದು ಹೇಳಿದ್ದ 85ರ ಆಸುಪಾಸು.

1972ರ ಏಪ್ರಿಲ್ 1ರಂದು ಮೇಜರ್ ಲೀಗ್ ಇತಿಹಾಸದಲ್ಲೇ ಮೊದಲ ಬಾರಿಗೆ ಆಟಗಾರರು ಮುಷ್ಕರ ಹೂಡಿದರು. ಋತುವಿನ ಆರಂಭ ಮುಂದೆ ಹೋಯಿತು. ಮರುದಿನ ಈಸ್ಟರ್ ಭಾನುವಾರ. ಫ್ಲಾರಿಡಾದ ವೆಸ್ಟ್ ಪಾಮ್ ಬೀಚ್‌ನಲ್ಲಿ ಹಾಡ್ಜಸ್ ತಮ್ಮ ತಂಡದ ತರಬೇತುದಾರರೊಂದಿಗೆ ಗಾಲ್ಫ್ ಆಡಿ ಕೋಣೆಗೆ ಮರಳುತ್ತಿದ್ದರು. ದಾರಿಯಲ್ಲಿಯೇ ಕುಸಿದು ಬಿದ್ದರು. ಈ ಬಾರಿ ಹೃದಯ ಚೇತರಿಸಿಕೊಳ್ಳಲಿಲ್ಲ. 48ನೆಯ ಹುಟ್ಟುಹಬ್ಬಕ್ಕೆ ಎರಡು ದಿನ ಬಾಕಿ ಇತ್ತು. ಪತ್ನಿ ಜೋನ್ ಹಾಗೂ ನಾಲ್ವರು ಮಕ್ಕಳನ್ನು ಅವರು ಅಗಲಿದ್ದರು. ತಂಡದ ಹೊಣೆ ಯೋಗಿ ಬೆರಾ ಹೆಗಲೇರಿತು. 1973ರಲ್ಲಿ ಮೆಟ್ಸ್ ಅವರ 14ನೆಯ ಸಂಖ್ಯೆಯ ಅಂಗಿಯನ್ನು ಬೇರೆ ಯಾರಿಗೂ ನೀಡದಂತೆ ಶಾಶ್ವತವಾಗಿ ತೆಗೆದಿರಿಸಿತು.

ಬೇಸ್‌ಬಾಲ್‌ನ ಅತ್ಯುನ್ನತ ಗೌರವವಾದ ಹಾಲ್ ಆಫ್ ಫೇಮ್ ಪ್ರವೇಶ ಮಾತ್ರ ದಶಕಗಳ ಕಾಲ ಕೈತಪ್ಪುತ್ತಲೇ ಹೋಯಿತು. ಪತ್ರಕರ್ತರ ಮತದಾನದಲ್ಲಿ ಬೇಕಾದದ್ದು ಶೇ 75. ಕೊನೆಯ ಅವಕಾಶವಾದ 1983ರಲ್ಲಿ ಅವರಿಗೆ ದೊರೆತದ್ದು ಶೇ 63.4. ಇನ್ನು ಆಗದು ಎಂದೇ ಬಹಳ ಮಂದಿ ತೀರ್ಮಾನಿಸಿದ್ದರು. ಆ ಭವಿಷ್ಯವೂ ಸುಳ್ಳಾಯಿತು. 2021ರ ಡಿಸೆಂಬರ್‌ನಲ್ಲಿ ವಿಶೇಷ ಸಮಿತಿಯೊಂದು ಅವರನ್ನು ಆರಿಸಿತು. 2022ರ ಜುಲೈನಲ್ಲಿ ಅವರ ಹೆಸರು ಹಾಲ್ ಆಫ್ ಫೇಮ್ ಸೇರಿತು. ತೊಂಬತ್ತೈದರ ಹರೆಯದ ಪತ್ನಿ ಜೋನ್ ಈ ಸುದ್ದಿ ಕೇಳಲು ಬದುಕಿದ್ದರು. ಅದೇ ಸೆಪ್ಟೆಂಬರ್‌ನಲ್ಲಿ ಅವರೂ ತೀರಿಕೊಂಡರು.

1972ರ ಮಾರ್ಚ್‌ನಲ್ಲಿಯೂ ಎಂದಿನಂತೆ ತಂಡಗಳ ಬಲಾಬಲವನ್ನು ತೂಗಿ ನೋಡಿದವರಿದ್ದರು. ಮೆಟ್ಸ್‌ಗೆ ಯಾವ ಸ್ಥಾನ ಕೊಟ್ಟಿದ್ದರೂ, ಅವರೆಲ್ಲರ ಲೆಕ್ಕದಲ್ಲಿ ಒಂದು ಸಂಗತಿ ಮಾತ್ರ ಸಮಾನವಾಗಿತ್ತು. ಋತು ಆರಂಭವಾದಾಗ ಡಗೌಟ್‌ನಲ್ಲಿ ಗಿಲ್ ಹಾಡ್ಜಸ್ ಕುಳಿತಿರುತ್ತಾರೆ ಎಂದು ಎಲ್ಲರೂ ನಂಬಿದ್ದರು.